ಎರಡನೆಯ ಸಹಿ

"ಗುರುಗಳೇ, ನೀವು ನೋಡಿ ಸಹಿ ಹಾಕಿದ ವಿಮಾನವನ್ನು ನಾನು ಮತ್ತೆ ಪರೀಕ್ಷಿಸುವುದು ಹೇಗೆ? ಗುರುವಿಗೇ ತಿರುಮಂತ್ರ ಹಾಕಿದ ಹಾಗಾಗುವುದಿಲ್ಲವೇ?" ಎಂದು ಪದ್ಮರಾಜ ಕೇಳಿದ. ಅವನು ವಿಮಾನಗಳ ವಿದ್ಯುತ್ ತಂತಿ ಪರೀಕ್ಷಿಸುವ ಕೆಲಸಕ್ಕೆ ಹೊಸಬ. ಗುರುಗಳು ನಾಗಭೂಷಣಯ್ಯ ಆ ಕೆಲಸದಲ್ಲೇ ತಲೆ ನರೆಸಿಕೊಂಡವರು.

"ಅಯ್ಯೋ ಪುಣ್ಯಾತ್ಮ, ಭಾರಿ ವಿನಯವಂತ ನೀನು! ಕೂತುಕೋ" ಎಂದು ಗದರಿ ಗುರುಗಳು ಒಂದು ಕತೆ ಹೇಳಿದರು.

ಒಂದು ವಿಮಾನ ನಿಲ್ದಾಣದಲ್ಲಿ ಒಬ್ಬ ಹಿರಿಯ ಪರೀಕ್ಷಕನಿದ್ದ. ಅವನ ಕೈಕೆಳಗೆ ಕಲಿತ ಕಿರಿಯನೊಬ್ಬ ತಾನೂ ಪರೀಕ್ಷಕನಾದ. ಇಂತಿಷ್ಟು ಗಂಟೆ ಹಾರಿದ ಮೇಲೆ ವಿಮಾನದ ಒಳಗೋಡೆಯ ಹಲಗೆಗಳನ್ನು ಬಿಚ್ಚಿ, ಹಿಂದಿರುವ ತಂತಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕೆಂಬುದು ನಿಯಮ. ಮೊದಲು ಒಬ್ಬ ನೋಡಿ ಸಹಿ ಹಾಕಬೇಕು. ಆಮೇಲೆ ಇನ್ನೊಬ್ಬ ತಾನೇ ನೋಡಿ ಅದರ ಕೆಳಗೆ ಸಹಿ ಹಾಕಬೇಕು. ಆದರೆ ಹಿರಿಯರು ನೋಡಿದ ಜಾಗಕ್ಕೆ ಕಿರಿಯರು ಮತ್ತೆ ಟಾರ್ಚು ಬಿಟ್ಟರೆ ಅಲ್ಲಿಯವರ ಲೆಕ್ಕದಲ್ಲಿ ಅದು ಅಧಿಕಪ್ರಸಂಗ. ಹಿರಿಯ ಸಹಿ ಹಾಕಿ ಆಚೆ ಹೋದೊಡನೆ ಕಿರಿಯ ಹಲಗೆ ಮುಚ್ಚಿ ತಿರುಪು ಬಿಗಿದು ತಾನೂ ಸಹಿ ಹಾಕಿಬಿಡುತ್ತಿದ್ದ.

ಒಂದು ವಿಮಾನದಲ್ಲಿ ಹಿಂಬದಿಯ ಹಲಗೆಯೊಳಗೆ ಒಂದು ತಂತಿ ಲೋಹದ ಅಂಚಿಗೆ ಉಜ್ಜಿ ಉಜ್ಜಿ, ಮೇಲಿನ ಹೊದಿಕೆ ಸವೆದು ತಾಮ್ರ ಕಾಣುತ್ತಿತ್ತು. ಕಾಗದದ ಮೇಲೆ ಎರಡೂ ಸಹಿ ಬಿದ್ದವು. ವಿಮಾನ ಹಾರಿತು.

ದಾರಿಯಲ್ಲಿ ಆ ತಂತಿಯಿಂದ ಕಿಡಿ ಸಿಡಿದು ಬೆಂಕಿ ಹತ್ತಿತು. ಪೈಲಟ್ ಹೇಗೋ ಕೆಳಗಿಳಿಸಿದ. ಒಬ್ಬ ಗಗನಸಖಿ ಹೊಗೆಯಲ್ಲೇ ನಿಂತು ಅರವತ್ತೊಂದು ಜನರನ್ನು ಒಬ್ಬೊಬ್ಬರಾಗಿ ಹೊರಗೆ ದಾಟಿಸಿದಳು. ಅವಳೇ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗಿ ಕಣಯ್ಯಾ. ಬಾಗಿಲಿಗೆ ನಾಲ್ಕೇ ಹೆಜ್ಜೆ ಇತ್ತಂತೆ.

ವಿಚಾರಣೆಯ ದಿನ ಅವಳ ತಾಯಿ ಆ ಕಾಗದ ಹಿಡಿದುಕೊಂಡು, "ಇಲ್ಲಿ ಇಬ್ಬರ ಹೆಸರಿದೆಯಲ್ಲಪ್ಪ, ನಿಮ್ಮಲ್ಲಿ ಯಾರು ನೋಡಿದಿರಿ?" ಎಂದು ಕೇಳಿದಳು.

ಕಿರಿಯ ತಲೆ ತಗ್ಗಿಸಿದ. "ಇವರು ನೋಡಿದ ಮೇಲೆ ನಾನು ನೋಡುವುದು ಮರ್ಯಾದೆಯಲ್ಲ ಅಂತ ಬಿಟ್ಟೆ, ತಾಯಿ" ಎಂದ. ಆ ಮಾತು ಕೇಳಿ ಹಿರಿಯ ಅವನ ತೋಳು ಹಿಡಿದುಕೊಂಡ. "ನನ್ನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು ಕಣೋ. ಹೇಗೂ ನೀನು ನೋಡುತ್ತೀಯ ಎಂಬ ಧೈರ್ಯದಲ್ಲೇ ಸಹಿ ಹಾಕುತ್ತಿದ್ದೆ" ಎಂದು ಗೋಳೋ ಎಂದು ಅತ್ತ. ತಾಯಿ ಇಬ್ಬರನ್ನೂ ಬಯ್ಯಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಕತೆ ಕೇಳಿ ಪದ್ಮರಾಜನಿಗೆ ಸಂಕಟವೂ ಆಯಿತು, ಸಿಟ್ಟೂ ಬಂತು. "ತಪ್ಪು ಆ ಹಿರಿಯನದೇ, ಗುರುಗಳೇ. ಕಣ್ಣು ಮಂಜಾದದ್ದನ್ನು ಅವನು ಬಾಯಿ ಬಿಟ್ಟು ಹೇಳಬೇಕಿತ್ತು" ಎಂದ.

ಗುರುಗಳು ಅವನ ಕಡೆ ತಿರುಗಿ ಕೇಳಿದರು: "ನನ್ನ ಕಣ್ಣು ಈಗ ಹೇಗಿದೆ ಎಂದು ನೀನು ಒಂದು ದಿನವಾದರೂ ಕೇಳಿದ್ದೀಯೇನಯ್ಯಾ?"