ಡಬ್ ಎನ್ನುವ ನೆಲ

“ಗುರುಗಳೇ, ಮಠದ ಊಟದ ಮನೆಗೆ ಟೈಲ್ಸ್ ಹಾಕಲು ಮೇಸ್ತ್ರಿಯನ್ನು ಕರೆಸೋಣವೋ, ಇಲ್ಲ ನಾವೇ ಹಾಕಿಕೊಳ್ಳೋಣವೋ?” ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಅಂಗಡಿಯಿಂದ ತಂದ ಒಂದು ಟೈಲ್ಸ್ ಇತ್ತು. ನೊಣ ಕೂತರೂ ಜಾರಿ ಬೀಳಬೇಕು, ಅಂಥ ನುಣುಪು. ಗುರುಗಳು ಅದನ್ನು ತೆಗೆದುಕೊಂಡು, ಅದರಲ್ಲಿ ತಮ್ಮ ಹಲ್ಲು ನೋಡಿಕೊಂಡು, ಪಕ್ಕಕ್ಕಿಟ್ಟರು. ಒಳಗೆ ನಿಂಬೆವ್ವ ಸಾರಿಗೆ ಒಗ್ಗರಣೆ ಕೊಡುತ್ತಿದ್ದಳು. ಮಠಕ್ಕೆ ಅಡುಗೆ ಮಾಡಿ ಬಡಿಸುವವಳು ಆ ಮುದುಕಿಯೇ. ಗುರುಗಳು ಒಗ್ಗರಣೆಯ ಘಾಟಿಗೆ ಒಮ್ಮೆ ಸೀನಿ, ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ಅಂಗಡಿಯವನಿದ್ದ. ಅವನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಅವಳು ಯಾರ ಕೈಯನ್ನೂ ಹಿಡಿಯದೆ ಮನೆಯೆಲ್ಲ ಓಡಾಡುತ್ತಿದ್ದಳು. ನೀರು ತುಂಬುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಗಂಡ ಕದ್ದು ಬೆಲ್ಲ ತಿಂದರೆ ಡಬ್ಬಿಯ ಸದ್ದಿನಿಂದಲೇ ಹಿಡಿಯುತ್ತಿದ್ದಳು.

ಮನೆಯದು ಮಣ್ಣಿನ ನೆಲ. ಸಗಣಿಯಿಂದ ಸಾರಿಸಿ ಸಾರಿಸಿ ಅವಳ ಮೊಣಕಾಲು ಸೋತಿತ್ತು. ಅದನ್ನು ನೋಡಲಾರದೆ ಗಂಡ ಒಂದು ದಿನ ಟೈಲ್ಸ್ ತಂದ.

“ಮೇಸ್ತ್ರಿ ಯಾವಾಗ ಬರ್ತಾನೆ?” ಎಂದಳು ಹೆಂಡತಿ.

“ಮೇಸ್ತ್ರಿ ಯಾಕೆ? ಟ್ಯೂಬಿಗೆ ಪ್ಯಾಚ್ ಹಚ್ಚುವವನಿಗೆ ನೆಲಕ್ಕೆ ಟೈಲ್ಸ್ ಹಚ್ಚೋಕೆ ಬರಲ್ಲವೇನೇ?”

“ಪ್ಯಾಚ್ ಎದ್ದರೆ ಗಾಳಿ ಹೋಗುತ್ತೆ ರೀ. ಟೈಲ್ಸ್ ಎದ್ದರೆ ನನ್ನ ಹಲ್ಲು ಹೋಗುತ್ತೆ.”

ಅವನು ಕೇಳಲಿಲ್ಲ. ಪ್ಯಾಚಿಗೆ ಸೊಲ್ಯೂಷನ್ ತೆಳ್ಳಗೆ ಹಚ್ಚಿದಷ್ಟೂ ಅಂಟು ಗಟ್ಟಿ. ಅದೇ ಲೆಕ್ಕದಲ್ಲಿ ಸಿಮೆಂಟನ್ನೂ ತೆಳ್ಳಗೆ ಸವರಿದ. ಹೆಬ್ಬೆರಳಿನಿಂದ ಅಂಚುಗಳನ್ನು ಒತ್ತಿ ಒತ್ತಿ ಕೂರಿಸಿದ. ಒಣಗಿದ ಮೇಲೆ ಗೊತ್ತಾಯಿತು. ನೀರಿನ ಕೊಡದ ಬಳಿಯ ಟೈಲ್ಸ್ ಕೆಳಗೆ ಪೂರ್ತಿ ಟೊಳ್ಳು. ಕಾಲಿಟ್ಟರೆ ಡಬ್ ಎನ್ನುತ್ತಿತ್ತು. ಒಲೆಯ ಮುಂದಿನದು ಅಕ್ಕಪಕ್ಕದವಕ್ಕಿಂತ ಉಗುರಿನಷ್ಟು ಎದ್ದು ನಿಂತಿತ್ತು. ಉಳಿದವು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು.

ಹೆಂಡತಿ ಬರಿಗಾಲಿನಲ್ಲಿ ಮನೆಯೆಲ್ಲ ಸುತ್ತಿದಳು. ಮತ್ತೊಮ್ಮೆ ಸುತ್ತಿದಳು. “ಚೆನ್ನಾಗಿದೆ” ಎಂದಳು. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡ ಗಂಡ.

ಸ್ವಲ್ಪ ದಿನಕ್ಕೆ ಅವಳ ತಮ್ಮ, ಮದುವೆಯ ಕೆಲಸಕ್ಕೆಂದು ಅಕ್ಕನನ್ನು ತವರಿಗೆ ಕರೆದೊಯ್ಯಲು ಬಂದ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದವನು ಮೆಲ್ಲಗೆ ಕೇಳಿದ.

“ಭಾವ, ಇದು ನೆಲವೋ ಹಾರ್ಮೋನಿಯಂ ಪೆಟ್ಟಿಗೆಯೋ? ಒಂದು ಲೋಟ ನೀರು ಕುಡಿದು ಬರೋದರೊಳಗೆ ಒಂದು ಭಜನೆ ಮುಗೀತು.”

ಗಂಡನೂ ನಕ್ಕ. ಆದರೆ ಟ್ಯೂಬಿಗೆ ಮುಳ್ಳು ಹೊಕ್ಕ ಹಾಗೆ ಆ ಮಾತು ಒಳಗೆ ಹೊಕ್ಕಿತು.

ಹೆಂಡತಿ ತವರಿನಿಂದ ಬರುವುದರೊಳಗೆ ಅವನು ಊರಿನ ದೊಡ್ಡ ಟೈಲ್ಸ್ ಮೇಸ್ತ್ರಿಯನ್ನು ಕರೆಸಿದ. ತಾನು ಹಾಕಿದ್ದನ್ನೆಲ್ಲ ಕೀಳಿಸಿ ಹೊಸದು ಹಾಕಿಸಿದ. ಮೇಸ್ತ್ರಿ ದಾರ ಕಟ್ಟಿದ, ರಸಮಟ್ಟ ಇಟ್ಟು ನೋಡಿದ, ಒಂದೊಂದನ್ನೂ ತಟ್ಟಿ ಸದ್ದು ಕೇಳಿದ. ನೆಲ ನಿಂತ ನೀರಿನಂತೆ ಸಮವಾಯಿತು.

ಹೆಂಡತಿ ಬಂದು ಕಾಲಿಟ್ಟಳು.

“ಹೇಗಿದೆ?” ಎಂದ ಗಂಡ.

ಅವನ ದನಿಯಲ್ಲಿದ್ದ ಸಂತೋಷ ಅವಳಿಗೆ ಕೇಳಿಸಿತು. “ಬಹಳ ನುಣುಪು” ಎಂದಳು.

ಅಂದಿನಿಂದ ಅವಳು ಗೋಡೆ ಸವರಿಕೊಂಡು ನಡೆಯತೊಡಗಿದಳು. ಒಂದು ದಿನ ನೀರಿಗೆಂದು ಹೋಗಿ ಒಲೆಗೆ ಕೈ ಹಾಕಿದಳು. ಬೆರಳು ಸುಟ್ಟಿತು. ಆಮೇಲೆ ಹೊಸ್ತಿಲ ಬಳಿ ಕೂತವಳು ಅಲ್ಲಿಂದ ಏಳುವುದನ್ನೇ ಬಿಟ್ಟಳು. ಗಂಡನೇ ರೊಟ್ಟಿ ಬಡಿದ. ರೊಟ್ಟಿ ಸೈಕಲ್ ಸೀಟಿನ ಆಕಾರಕ್ಕೆ ಬಂತು. ಅವಳು ಅದನ್ನು ಬೆರಳಿನಿಂದ ಸವರಿ ನೋಡಿದಳು. ನಗಲಿಲ್ಲ. ಆಗ ಅವನಿಗೆ ಹೆದರಿಕೆಯಾಯಿತು.

“ಏನಾಗಿದೆ ನಿನಗೆ?” ಎಂದು ಎದುರಿಗೆ ಕೂತ.

“ಹೊಸ ನೆಲ ಚೆನ್ನಾಗಿದೆ ರೀ. ಆದರೆ ನಾನು ಎಲ್ಲಿದ್ದೀನಿ ಅಂತ ಅದು ಹೇಳೋದೇ ಇಲ್ಲ. ಮಣ್ಣಿನ ನೆಲ ತನ್ನ ತಗ್ಗು ದಿಣ್ಣೆಯಿಂದ ಹೇಳುತ್ತಿತ್ತು. ನೀವು ಹಾಕಿದ್ದೂ ಹೇಳುತ್ತಿತ್ತು. ಡಬ್ ಅಂದರೆ ಕೊಡ. ಕಾಲ್ಬೆರಳಿಗೆ ಅಂಚು ತಾಗಿದರೆ ಒಲೆ.”

“ಬಂದ ದಿನವೇ ಹೇಳಬಾರದಾಗಿತ್ತೇ?”

“ಅಷ್ಟು ಖುಷಿಯಲ್ಲಿದ್ದಿರಿ. ಹೇಗೆ ಹೇಳಲಿ?”

ಅವನು ಎದ್ದು ನೇರವಾಗಿ ಮೇಸ್ತ್ರಿಯ ಮನೆಗೆ ಹೋದ. “ಎರಡು ಟೈಲ್ಸ್ ಕೆಡಿಸಿ ಕೊಡಬೇಕು. ಒಂದು ಟೊಳ್ಳಾಗಿರಲಿ, ಒಂದು ಎದ್ದು ನಿಲ್ಲಲಿ” ಎಂದ.

ಮೇಸ್ತ್ರಿಗೆ ಸಿಟ್ಟು ಬಂತು. “ಈ ಕೈಯಿಂದ ಟೊಳ್ಳು ಕೆಲಸ ಆಗಿಲ್ಲ. ಟೊಳ್ಳಾಗಿ ಕೂರಿಸೋದು ಹೇಗೆ ಅಂತಲೂ ನನಗೆ ಗೊತ್ತಿಲ್ಲ.”

“ಅಕ್ಕಪಕ್ಕದ್ದು ಒಡೆಯದ ಹಾಗೆ ಎರಡನ್ನು ಕಿತ್ತು ಕೊಡು ಸಾಕು. ಕೆಡಿಸೋ ಕೆಲಸ ನನಗೆ ಚೆನ್ನಾಗಿ ಬರುತ್ತೆ.”

ಮೇಸ್ತ್ರಿ ಗೊಣಗುತ್ತ ಬಂದ. ಬಂದವನು ನಾಜೂಕಾಗಿ ಎರಡನ್ನು ಕಿತ್ತ. ಸೈಕಲ್ ಅಂಗಡಿಯವನು ಸಿಮೆಂಟನ್ನು ತೆಳ್ಳಗೆ ಸವರಿ, ಹೆಬ್ಬೆರಳಿನಿಂದ ಒತ್ತಿದ. ಆ ಕೆಲಸ ನೋಡಲಾರದೆ ಮೇಸ್ತ್ರಿ ಗೋಡೆಯ ಕಡೆಗೆ ತಿರುಗಿ ನಿಂತ.

ಮರುದಿನ ಯಾರೂ ಕರೆಯದಿದ್ದರೂ ಮೇಸ್ತ್ರಿ ಬಂದ. ಹೆಂಡತಿ ಹೊಸ್ತಿಲಿನಿಂದ ಎದ್ದಳು. ಗೋಡೆಯಿಂದ ಕೈ ತೆಗೆದಳು. ಇಬ್ಬರು ಗಂಡಸರೂ ಅವಳ ಕಾಲನ್ನೇ ನೋಡುತ್ತ ನಿಂತರು.

ಡಬ್.

“ಕೊಡ” ಎಂದಳು. ಮುಂದೆ ನಡೆದಳು. ಕಾಲ್ಬೆರಳಿಗೆ ಅಂಚು ತಾಗಿತು. ಅಲ್ಲೇ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಆಚೆ ಸರೀರಿ. ಇವತ್ತಾದರೂ ರೊಟ್ಟಿ ದುಂಡಗೆ ಬರಲಿ.”

ಆ ದಿನ ಮೇಸ್ತ್ರಿಯೂ ಅಲ್ಲೇ ಉಂಡ. ಕೈ ತೊಳೆಯಲು ಹೋದಾಗ ಆ ಟೈಲ್ಸ್ ಮೇಲೆ ಬೇಕೆಂದೇ ಒಮ್ಮೆ ಕಾಲಿಟ್ಟು, ಸದ್ದು ಕೇಳಿಕೊಂಡು ಹೋದ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು.

“ತಿಳೀತು ಗುರುಗಳೇ. ಮೇಸ್ತ್ರಿಯನ್ನೂ ಕರೆಸಬೇಕು, ನಾವೂ ಕೈ ಹಾಕಬೇಕು. ಇವತ್ತೇ ಅಂಗಡಿಗೆ ಹೇಳಿಬಿಡ್ತೀನಿ.”

ಅಷ್ಟರಲ್ಲಿ ನಿಂಬೆವ್ವ ಕುದಿಯುವ ಸಾರಿನ ಬಕೆಟ್ ಹಿಡಿದು ಹೊರಗೆ ಬಂದಳು. ಪಾತ್ರೆ ತೊಳೆದ ಒದ್ದೆ ಕಾಲು. ಊಟದ ಮನೆಯ ಹಳೆಯ ಒರಟು ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಊರುತ್ತ ಅವಳು ಪಂಕ್ತಿಯ ಕಡೆಗೆ ನಡೆದಳು.

ಗುರುಗಳು ಆ ನುಣುಪಾದ ಟೈಲ್ಸನ್ನು ಶಿಷ್ಯನ ಕೈಗೆ ವಾಪಸ್ಸು ಕೊಟ್ಟರು.

“ಇಂಥ ನೆಲ ಬೇಕೋ ಅಂತ ಆ ಕಾಲನ್ನು ಕೇಳಿದೆಯಾ?”

ಶಿಷ್ಯ ಟೈಲ್ಸನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.