ಸೀಗೆನಾಳದ ಮುಪ್ಪಯ್ಯ ಐಗಳು ಮತ್ತೆ ಓನಾಮಕ್ಕೆ ಕೂತದ್ದು

ಎಷ್ಟು ಹಿಂದೆ ಅಂತ ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಊರಿಗೊಂದು ಮಠ, ಮಠದ ಪಡಸಾಲೆಯಲ್ಲೊಂದು ಶಾಲೆ, ಶಾಲೆಗೊಬ್ಬರು ಐಗಳು, ಪಾಟಿಯ ಬದಲು ನೆಲದ ಮೇಲೆ ಹರವಿದ ಮರಳು ಇದ್ದ ಕಾಲ. ಆಗ ಸೀಗೆನಾಳವೆಂಬ ಒಂದೂರಲ್ಲಿ ಮುಪ್ಪಯ್ಯ ಐಗಳು ಅಂತ ಒಬ್ಬರಿದ್ದರಂತೆ. ಅವರು ಕೈ ಹಿಡಿದು ತಿದ್ದಿಸಿದರೆ ಕಲ್ಲೂ ಅಕ್ಷರ ಒದರುತ್ತಿತ್ತು ಅಂತಾರೆ. ಕಲ್ಲು ಒದರಿದ್ದನ್ನು ಕಂಡವರು ಯಾರೂ ಸಿಕ್ಕಿಲ್ಲ. ಆದರೆ ಕಲ್ಲಿನಂಥ ಮಕ್ಕಳಿಗೆ ನಮ್ಮ ಕಡೆ ಯಾವತ್ತೂ ಕೊರತೆಯಿರಲಿಲ್ಲ, ಅವರನ್ನೇ ಹೇಳಿದ್ದಿರಬೇಕು.

ಸುಗ್ಗಿ ಮುಗಿದ ಮೇಲೆ ಆ ಹಾದಿಯಲ್ಲಿ ಕುರಿಹಿಂಡು ಬರುತ್ತಿತ್ತು. ಗೊಬ್ಬರಕ್ಕೆಂದು ಖಾಲಿ ಹೊಲದಲ್ಲಿ ನಾಕು ದಿನ ತರುಬುವುದು, ಮುಂದಿನೂರಿಗೆ ಏಳುವುದು. ಹಿಂಡಿನವನು ಮಾಳಪ್ಪ, ಅವನ ಮಗಳು ಬೀರವ್ವ. ಆ ಕಾಲದಲ್ಲಿ ಹೆಣ್ಣುಕೂಸು ಶಾಲೆಗೆ ಬಂತೇ ಅಂತ ಹುಬ್ಬೇರಿಸಬೇಡಿ, ಬಂತಂತೆ. ಪಡಸಾಲೆಯ ಕಂಬ ಹಿಡಿದು ನಿಂತಿತಂತೆ, ಐಗಳು "ಒಳಗ ಬಾರವ್ವ" ಅಂದರಂತೆ, ಅಷ್ಟೇ.

ಹುಡುಗಿ ಚುರುಕು. ಆದರೆ ಅ ಅರಸ, ಆ ಆನೆ ಅಂದರೆ ಪಿಳಿಪಿಳಿ ನೋಡುವುದು. ಅರಸನನ್ನು ಕಂಡವಳಲ್ಲ, ಆನೆ ಕಂಡವಳಲ್ಲ. ಅವಳ ಜನಕ್ಕೊಂದು ದಾರಿಪದವಿತ್ತು. ನಡೆಯುತ್ತ ಹಾಡುವುದು, ಇವತ್ತು ಬಿಟ್ಟ ನುಡಿಯಿಂದ ನಾಳೆ ಎತ್ತಿಕೊಳ್ಳುವುದು. ಮುಪ್ಪಯ್ಯನವರು ಅದನ್ನು ಕಿವಿಗೊಟ್ಟು ಕೇಳಿದರು. ಅದೇ ಧಾಟಿಗೆ ಅ ಅಡವಿ, ಆ ಆಡು, ಇ ಇಬ್ಬನಿ ಅಂತ ಪೋಣಿಸಿಕೊಟ್ಟರು. ಹುಡುಗಿ ಸರಸರ ತಿದ್ದಿದಳು. ಹಿಂಡು ಏಳುವ ಹೊತ್ತಿಗೆ ಕಾಗುಣಿತದ ಹೊಸ್ತಿಲಿಗೆ ಬಂದಿದ್ದಳು.

"ಬರೋ ವರ್ಷ ಓದಿ ತೋರಸ್ತೀನಿ ಅಜ್ಜಾ" ಅಂದು ಹೋದಳು.

ಐಗಳಿಗೆ ಹೆಂಡಿರು ಮಕ್ಕಳಿಲ್ಲ. ಊರ ಮಕ್ಕಳು ಸಂಜೆಯಾದರೆ ಅವರವರ ಮನೆಗೆ. ಅಜ್ಜಾ ಅಂದವಳು ಅವಳೊಬ್ಬಳೇ. ಅವಳು ಓದುವುದನ್ನೊಮ್ಮೆ ಕೇಳಬೇಕು ಅಂತ ಆ ಮುದುಕ ವರ್ಷವಿಡೀ ಹಾದಿ ನೋಡಿದನಂತೆ.

ವರ್ಷ ತಿರುಗಿತು. ಬಂದಳು, ಮರಳಿನ ಮುಂದೆ ಕೂತಳು, ಅ ಬರೆದಳು, ಆ ಬರೆದಳು. ಮುಂದೆ ಕೈ ಏಳಲಿಲ್ಲ.

"ಯಾಕವ್ವ, ಮರ್ತಿ?"

"ಎಲ್ಲಾ ಊರಾಗೂ ಇದನ್ನ ಬರಸ್ತಾರ್ರೀ. ಹೊಸಬಳು ಬಂದಿ, ಮತ್ತ ಅ ಆ ಓನಾಮದಿಂದ ಹಿಡಿ ಅಂತಾರ. ಅದು ಮುಗಿಯೂದ್ರಾಗ ಕುರಿ ಏಳ್ತಾವ."

ನಿಜವೇ. ಹಾದಿಯುದ್ದಕ್ಕೂ ಶಾಲೆಗಳಿದ್ದವು. ಆದರೆ ಒಬ್ಬ ಐಗಳು ಕಲಿಸಿದ್ದನ್ನು ಇನ್ನೊಬ್ಬರು ಒಪ್ಪುವುದು, ಸೊಸೆಯ ಸಾರನ್ನು ಅತ್ತೆ ಒಪ್ಪಿದಷ್ಟೇ ಅಪರೂಪ. ಮಾಳಪ್ಪನಿಗೂ ಸಾಕಾಗಿತ್ತು. "ಗಾಣದ ಎತ್ತಿನಂಗ ಸುತ್ತಿದ್ದ ಸುತ್ತತಾಳ್ರೀ ಐನೋರ. ಈ ಸಲ ಓನಾಮ ದಾಟಿದ್ಲೋ ಸರಿ, ಇಲ್ಲಂದ್ರ ಮರಿ ಕಾಯಾಕ ಹಚ್ಚತೀನಿ" ಅಂದ.

ಮುಪ್ಪಯ್ಯನವರು ಕಂಬಳಿ ಹೆಗಲಿಗೇರಿಸಿ ಹಿಂಡಿನ ಹಿಂದೆ ಹೊರಟೇಬಿಟ್ಟರಂತೆ. ಐನೋರಿಗೆ ಕುರಿಗಾಳಿ ಬಡೀತು ಅಂತ ಊರು ನಕ್ಕಿತಂತೆ.

ಹೋದ ಊರಲ್ಲೆಲ್ಲ ಕೈ ಮುಗಿದು ಕೇಳಿದರು, ಈ ಕೂಸನ್ನು ನಿಂತಲ್ಲಿಂದ ಮುಂದಕ್ಕೆ ಕಲಿಸಿ ಅಂತ. "ನಿಮ್ಮೂರಿನ ಕಲಿಕೆ ನಮ್ಮೂರಾಗ ನಡೆಯಂಗಿಲ್ರೀ" ಅಂದರು ಅಲ್ಲಿಯ ಐಗಳು. ಹಾಗಂದ ಕೂಡಲೇ ಇವರು ಬೀರವ್ವನ ಪಕ್ಕ ಮರಳಿನ ಮುಂದೆ ಚಕ್ಕಳಮಕ್ಕಳ ಹಾಕಿ, "ನಾನೂ ಈ ಊರಿಗೆ ಹೊಸಬ. ನನಗೂ ಓನಾಮ ಹಾಕ್ರಿ" ಅನ್ನುವುದು. ಬಿಳಿಗಡ್ಡದ ಐಗಳು ಅ ತಿದ್ದುತ್ತ ಕೂತರೆ ಮಕ್ಕಳು ಕಿಸಿಕಿಸಿ ನಗುವುದು, ಊರ ಹಿರಿಯರು ಹಣಿಕಿ ಹಾಕುವುದು. ಅಲ್ಲಿಯ ಐಗಳಿಗೆ ಮುಖ ಎಲ್ಲಿಡಬೇಕೋ ತಿಳಿಯದೆ, "ಏಳ್ರಿ ಮಾರಾಯ್ರ, ನೀವಂದಂಗ ಆಗಲಿ" ಅಂದುಬಿಡುವುದು.

ಅಂದದ್ದೇನೋ ಹೌದು. ಆದರೆ ತಾವು ಬೆನ್ನು ತಿರುಗಿಸಿದ ಮೇಲೂ ಅದನ್ನು ನಡೆಸುತ್ತಾರೆಂಬ ನಂಬಿಕೆ ಮುಪ್ಪಯ್ಯನವರಿಗಿರಲಿಲ್ಲ. ಹೀಗೇ ಕಲ್ಲೊಡ್ಡಿಗೆ ಬಂದರು.

ಕಲ್ಲೊಡ್ಡಿನ ಗುರುಪಾದಯ್ಯನವರು ಕೆಮ್ಮಿದರೆ ಸುತ್ತಲಿನ ಐಗಳೆಲ್ಲ ಎದ್ದು ನಿಲ್ಲುತ್ತಿದ್ದರಂತೆ. ಮುಪ್ಪಯ್ಯನವರು ಮರಳಿನ ಮುಂದೆ ಕೂತರು. "ಕೂತ್ರಿ? ಛಲೋ ಆತು, ಬರೀರಿ" ಅಂದರು ಗುರುಪಾದಯ್ಯ. ಓನಾಮ ಬರೆಸಿದರು, ಕಾಗುಣಿತ ಬರೆಸಿದರು, ಆಮೇಲೆ ಮುಕ್ಕಾಲರ ಮಗ್ಗಿ ಹೇಳಿ ಅಂದರು. ಮುಪ್ಪಯ್ಯನವರು ನಡುವೆ ಎಡವಿದರು. ಮತ್ತೆ ಹೇಳಿದರು, ಮತ್ತೆ ಅಲ್ಲೇ ಎಡವಿದರು. ಬದುಕಿಡೀ ಮಕ್ಕಳಿಂದ ಆ ಮಗ್ಗಿ ಹೇಳಿಸಿದವರೇ, ಆದರೆ ಮಕ್ಕಳ ಗದ್ದಲದಲ್ಲಿ ತಮ್ಮ ತಪ್ಪೂ ತೇಲಿಹೋಗುತ್ತಿತ್ತು.

"ಬರೂತನಕ ಬಿಡಂಗಿಲ್ಲ. ಮಗ್ಗಿ ಅಂದ್ರ ಹಳ್ಳ ಅಲ್ಲ, ಹಾರಿ ದಾಟಾಕ" ಅಂದರಂತೆ ಗುರುಪಾದಯ್ಯ.

ದಿನ ಹೋದವು. "ಕುರಿಗೆ ಮೇವು ಮುಗೀತು, ಐನೋರಿಗೆ ಮಗ್ಗಿ ಮುಗೀವಲ್ದು" ಅಂತ ಮಾಳಪ್ಪ ತಲೆ ಚಚ್ಚಿಕೊಂಡ. ಕಡೆಗೆ ಬೀರವ್ವನೇ ಆ ಮಗ್ಗಿಯನ್ನು ದಾರಿಪದದ ಧಾಟಿಗೆ ಹಾಕಿ, ಕುರಿಗಳ ಹಿಂದೆ ಅಜ್ಜನನ್ನು ನಡೆಸುತ್ತ ನಡೆಸುತ್ತ ಹೇಳಿಸಿದಳಂತೆ. ಒಂದು ಬೆಳಗ್ಗೆ ಮುಪ್ಪಯ್ಯನವರು ಪಡಸಾಲೆಯಲ್ಲಿ ನಿಂತು ತುದಿಯಿಂದ ಬುಡದವರೆಗೆ, ಬುಡದಿಂದ ತುದಿಯವರೆಗೆ ಹೇಳಿದರು. ಗುರುಪಾದಯ್ಯನವರ ಮುಖ ಅರಳಿತು.

"ಈಗ ನಾನು ಮುಂದಿನೂರಿಗೆ ಹೋಗತೀನಿ. ಅಲ್ಲಿಯ ಐಗಳು ಇದನ್ನೆಲ್ಲ ಅಳಿಸಿ ಮತ್ತ ಓನಾಮಕ್ಕ ಕೂಡಿಸಿದ್ರ?" ಅಂತ ಕೇಳಿದರು ಮುಪ್ಪಯ್ಯ.

"ನಾ ಕಲಿಸಿದ್ದನ್ನ ಅಳಿಸಾಂವ ಯಾವ? ಕೈ ಮುರದೇನು!"

ಮುಪ್ಪಯ್ಯನವರು ಬೀರವ್ವನ ತಲೆಯ ಮೇಲೆ ಕೈ ಇಟ್ಟರಂತೆ, ಅಷ್ಟೇ. ಗುರುಪಾದಯ್ಯನವರು ಅವಳಿಂದ ಆ ಅಕ್ಷರದ ಪದ ಹಾಡಿಸಿ, ಎಲ್ಲಿಗೆ ನಿಲ್ಲುತ್ತದೆಂದು ಕೇಳಿದರು. ಆಮೇಲೆ ಹಾದಿಯ ಶಾಲೆಗಳಿಗೆಲ್ಲ ಹೇಳಿ ಕಳಿಸಿದರು. ಬಂದ ಮಗುವಿನಿಂದ ಮೊದಲು ಪದ ಹಾಡಿಸಿರಿ, ಪದ ನಿಂತಲ್ಲಿ ಪಾಠ ಹಿಡಿಯಿರಿ, ಪೂರಾ ಬರದೆ ಮುಂದಕ್ಕೆ ಬಿಡಬೇಡಿರಿ. ಕೆಮ್ಮಿಗೇ ನಿಲ್ಲುತ್ತಿದ್ದವರು ಮಾತಿಗೆ ನಿಲ್ಲದೆ ಇರುತ್ತಾರೆಯೇ?

ಬೀರವ್ವ ಹಿಂಡಿನ ಜೊತೆ ಮುಂದೆ ಹೋದಳು. ಮುಪ್ಪಯ್ಯನವರು ಊರಿಗೆ ಮರಳಿದರು, ಹಾದಿ ನೋಡಿದರು. ಮರುವರ್ಷ ಹಿಂಡು ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ಹುಲ್ಲು ಇದ್ದ ಕಡೆ ಕುರಿ, ಹಾದಿ ಬದಲಾಗಿತ್ತು. ಎಷ್ಟೋ ಸುಗ್ಗಿ ಕಳೆದ ಮೇಲೆ ಮಾಳಪ್ಪನೊಬ್ಬನೇ ಬಂದ, ತಲೆ ನರೆತಿತ್ತು.

"ಬೀರವ್ವನ್ನ ಹೊಳಿ ಆಚಿಗೆ ಕೊಟ್ಟೀವ್ರೀ."

"ಓದಾಕ ಬಂತೇನು ಆಕಿಗೆ?"

"ನನಗೇನ ತಿಳೀತದ್ರೀ? ಕುಂತಲ್ಲಿ ನಿಂತಲ್ಲಿ ಕಡ್ಡಿ ಹಿಡದು ಮಣ್ಣಾಗ ಗೀಚತಿದ್ಲು" ಅಂದನಂತೆ.

ಅದಾದ ಮೇಲೂ ಅವರು ಹಾದಿ ನೋಡುವುದು ಬಿಡಲಿಲ್ಲ. ಕಣ್ಣು ಮಂಜಾದವು, ಆದರೂ ನೋಡಿದರು. ಒಂದು ಸುಗ್ಗಿಯಲ್ಲಿ, ಯಾವತ್ತೂ ಬಾರದ ಯಾವುದೋ ಹಿಂಡು ಬಂತು. ಪುಟ್ಟ ಮಗುವೊಂದು ಪಡಸಾಲೆಗೆ ಬಂದು ಕೂತಿತು. ಎಲ್ಲಿವರೆಗೆ ಬರತದ, ಹಾಡು ಅಂದರು. ಅ ಅಡವಿ, ಆ ಆಡು ಅಂತ ಶುರುವಾಯಿತು. ಕಾಗುಣಿತ ದಾಟಿತು, ಒತ್ತಕ್ಷರ ದಾಟಿತು, ಮುಕ್ಕಾಲರ ಮಗ್ಗಿ ಎಲ್ಲೂ ಎಡವದೆ ದಾಟಿತು. ಆಮೇಲೆ ಮುಪ್ಪಯ್ಯನವರು ಎಂದೂ ಕಟ್ಟಿರದ ನುಡಿಗಳು ಬಂದವು, ಹೊಳೆಯಾಚೆಯ ಗಿಡಗಳು, ಹಕ್ಕಿಗಳು, ಊರುಗಳು.

"ಯಾವ ಶಾಲ್ಯಾಗ ಕಲಿಸಿದ್ರವ್ವ?"

"ಶಾಲ್ಯಾಗ ಅಲ್ರೀ. ನಮ್ಮವ್ವ, ನಡಕೋತ."

"ನಿಮ್ಮವ್ವ ಬಂದಾಳೇನು?"

"ಇಲ್ರೀ. ಹೊಳಿ ಆಚೀಗೇ ಅದಾಳ. ನಾ ಮಾಮನ ಕೂಡ ಬಂದೀನಿ."

ಐಗಳು ಅತ್ತರು ಅಂತ ಕೆಲವರು, ಕುರಿಗಳ ಧೂಳು ಕಣ್ಣಿಗೆ ಬಿತ್ತು ಅಂತ ಕೆಲವರು. ಮರಳು ಸವರಿ ಸಮ ಮಾಡಿ, "ಹಂಗಾರ ಇನ್ನ ಮುಂದಿಂದು ಬರಿ" ಅಂದರು ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಈಗ ಮಠದ ಶಾಲೆಗಳಿಲ್ಲ, ಮರಳಿಲ್ಲ. ಆದರೆ ಆ ಹಾದಿಯ ಊರುಗಳಲ್ಲಿ ಇವತ್ತಿಗೂ ಹಿಂಡು ಏಳುವ ದಿನ, ಕಲಿಸಿದವರು ಮಗುವಿನ ಜೊತೆ ಊರ ಸೀಮೆಗಲ್ಲಿನವರೆಗೆ ನಡೆದುಹೋಗುತ್ತಾರೆ. ಕೊನೆಯ ಪಾಠ ಆ ನಡಿಗೆಯಲ್ಲೇ. ಕಲ್ಲು ಬಂದಾಗ ನಿಲ್ಲುತ್ತಾರೆ, ಮಗು ಮುಂದೆ ಹೋಗುತ್ತದೆ. ಕುರಿಯ ಕೊರಳಗಂಟೆ ಕೇಳಿಸುವಷ್ಟು ಹೊತ್ತು ಅಲ್ಲೇ ನಿಲ್ಲುವುದು ವಾಡಿಕೆ. ಕೇಳಿಸದಾದ ಮೇಲೂ ಇನ್ನಷ್ಟು ಹೊತ್ತು ನಿಲ್ಲುವವರಿದ್ದಾರೆ ಅಂತಾರೆ.