ಬಿಚ್ಚುಬಂಡೆ

ಕೊಳವಳ್ಳಿ ಮಠದ ಪುಸ್ತಕ ಭಂಡಾರ ನೋಡಲು ಶಾಲೆ ಕಾಲೇಜುಗಳ ಮಕ್ಕಳು ಇಂದಿಗೂ ಬಸ್ಸು ತುಂಬ ಬರುತ್ತಾರೆ. ಬಂದವರು ಮೊದಲು ವಿಚಾರಿಸುವುದು ಊಟದ ಹೊತ್ತನ್ನು. ತಪ್ಪೇನಲ್ಲ, ಮಠದ ಹುಗ್ಗಿಯ ರುಚಿ ಹಾಗಿದೆ. ಆಮೇಲೆ ಭಂಡಾರ ನೋಡಿಕೊಳ್ಳುವ ಚನ್ನಮಲ್ಲಯ್ಯನವರು ಬಾಗಿಲೆದುರಿನ ಚಪ್ಪಟೆ ಬಂಡೆಯ ಮೇಲೆ ಅವರನ್ನು ಕೂರಿಸಿ, ಕೈಗೆ ತಾಳೆಗರಿಯ ಕಟ್ಟುಗಳನ್ನು ಕೊಟ್ಟು ಬಿಚ್ಚಲು ಹೇಳುತ್ತಾರೆ. ಬೇರೆ ಕಡೆ ಗಾಜಿನೊಳಗಿಟ್ಟು ಮುಟ್ಟಬೇಡಿ ಎನ್ನುವ ವಸ್ತುವನ್ನು ಇಲ್ಲಿ ಹುಡುಗರ ಕೈಗೇ ಕೊಡುವುದು ಕಂಡು ಜೊತೆಗೆ ಬಂದ ಮಾಸ್ತರರಿಗೆ ಗಾಬರಿಯಾಗುತ್ತದೆ. ಆ ಬಂಡೆಗೆ ಬಿಚ್ಚುಬಂಡೆ ಎಂದು ಹೆಸರು.

ಹಿಂದೆ ಒಮ್ಮೆ, ಸಿದ್ಧವೀರಸ್ವಾಮಿಗಳು ಪೀಠದಲ್ಲಿದ್ದ ಕಾಲದಲ್ಲಿ, ಕರಿಸಿದ್ಧನೆಂಬ ವಿದ್ಯಾರ್ಥಿ ದೂರದ ಊರಿನಿಂದ ನಡೆದು ಬಂದನಂತೆ. ಅವನ ಗುರು ಮುಪ್ಪಿನಯ್ಯನವರು ಹರೆಯದಲ್ಲಿ ಹಾಡುಗಳ ಒಂದು ಗ್ರಂಥ ಕಟ್ಟಿ, ಕೈಯಾರೆ ಬರೆದು, ಇದ್ದ ಒಂದೇ ಪ್ರತಿಯನ್ನು ಮಠಕ್ಕೆ ಒಪ್ಪಿಸಿದ್ದರು. ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯದಲ್ಲಿ ಹಾಡುಗಳನ್ನು ಮರೆತೂ ಬಿಟ್ಟಿದ್ದರು. ಈಗ ಕಣ್ಣು ಹೋಗಿ ಹಾಸಿಗೆ ಹಿಡಿದಿದ್ದ ಅವರಿಗೆ, ಸಾಯುವ ಮುನ್ನ ಅದನ್ನೊಮ್ಮೆ ಕೇಳುವ ಆಸೆ. ಮಠದ ಪುಸ್ತಕ ಹೊರಗೆ ಹೋಗುವಂತಿರಲಿಲ್ಲ. ಅಲ್ಲೇ ಕುಳಿತು ಕಂಠಪಾಠ ಮಾಡಿಕೊಂಡು, ಹೋಗಿ ಗುರುವಿಗೆ ಹಾಡಿ ಕೇಳಿಸಬೇಕೆಂದು ಕರಿಸಿದ್ಧ ಬಂದಿದ್ದ.

ಆದರೆ ಮಠದಲ್ಲಿ ಆ ಕಟ್ಟು ಅಷ್ಟರಲ್ಲಿ ದೇವರಾಗಿತ್ತು. ರೇಷ್ಮೆ ವಸ್ತ್ರ ಸುತ್ತಿ, ಗದ್ದುಗೆಯ ಮೇಲಿಟ್ಟು, ದಿನವೂ ನೀರು ಚಿಮುಕಿಸಿ, ಗಂಧ ಬಳಿದು, ಹೂವೇರಿಸುತ್ತಿದ್ದರು. ಪೂಜೆಗೊಂಡದ್ದನ್ನು ಬಿಚ್ಚುವುದು ಅಪಚಾರ, ಪ್ರಸಾದ ತೆಗೆದುಕೊಂಡು ಹೊರಡು ಎಂದರು ಸ್ವಾಮಿಗಳು. ಕರಿಸಿದ್ಧ ವಾದ ಮಾಡಲಿಲ್ಲ, ಹೊರಡಲೂ ಇಲ್ಲ. ಬಾಗಿಲೆದುರಿನ ಬಂಡೆಯ ಮೇಲೆ ಕುಳಿತ. ಕರೆದಾಗ ಉಂಡ, ಮತ್ತೆ ಬಂದು ಕುಳಿತ. ಸ್ವಾಮಿಗಳು ಮೊದಮೊದಲು ಸಿಡುಕಿದರು. ಆಮೇಲೆ ಅವನ ಮುಖ ನೋಡಲಾರದೆ ಹಿಂಬಾಗಿಲಿನಿಂದ ಓಡಾಡಿದರು ಎನ್ನುತ್ತಾರೆ. ಕಡೆಗೊಂದು ಮುಂಜಾನೆ ಮನಸ್ಸು ಕರಗಿ, ಕಟ್ಟನ್ನು ತಾವೇ ಹೊತ್ತು ತಂದು ಅದೇ ಬಂಡೆಯ ಮೇಲೆ ಬಿಚ್ಚಲು ಕುಳಿತರು. ವಸ್ತ್ರ ಬಂತು, ದಾರ ಬಂತು, ಗರಿ ಬರಲಿಲ್ಲ. ಇಷ್ಟು ವರ್ಷ ಕುಡಿದ ನೀರು ಗಂಧಗಳಿಗೆ ಗರಿಗಳೆಲ್ಲ ಕೊಳೆತು, ಅಂಟಿಕೊಂಡು, ಒಂದೇ ತುಂಡಾಗಿದ್ದವು. ಪಾಪ, ಯಾರೂ ಕೆಡುಕು ಬಗೆದವರಲ್ಲ.

ಅಂದೇ ಸ್ವಾಮಿಗಳು ಮಠದ ಕಟ್ಟಳೆ ಮುರಿದು, ಆ ತುಂಡನ್ನು ಎದೆಗವಚಿಕೊಂಡು ಕರಿಸಿದ್ಧನ ಜೊತೆ ಹೊರಟರು. ಮುಪ್ಪಿನಯ್ಯನವರ ಕೈಯಲ್ಲಿ ಅದನ್ನಿಟ್ಟು, ನಡೆದದ್ದನ್ನೆಲ್ಲ ಹೇಳಿ, ತಲೆ ತಗ್ಗಿಸಿದರು. ಮುದುಕರು ಅದರ ಅಂಚನ್ನು ಬೆರಳಿನಿಂದ ಸವರಿದರು, ಕುರುಡುಗಣ್ಣಿನಲ್ಲಿ ನೀರಿಳಿಯಿತು. ಆಮೇಲೆ ಅದನ್ನು ಹಿಂದಕ್ಕೆ ಕೊಟ್ಟು ಅಂದರಂತೆ:

“ಇದಕ್ಕ ಪೂಜಿ ಬೇಕಾದಷ್ಟಾತ್ರಿ ಅಪ್ಪಾರ. ಉಳಿದವನ್ನರೆ ಬಿಚ್ಚ್ರಿ.”

ಸ್ವಾಮಿಗಳು ಮರಳಿದವರೇ ಭಂಡಾರದ ಕಟ್ಟುಗಳನ್ನೆಲ್ಲ ಹೊರಗೆ ತರಿಸಿ, ಬಂಡೆಯ ಮೇಲೆ ಬಿಚ್ಚಿ, ಎಳೆಬಿಸಿಲಿಗೆ ಹರಡಿಸಿದರು. ಓದಬೇಕೆಂದು ಬಂದವರು ಯಾರೇ ಆಗಲಿ, ಕಟ್ಟು ಬಿಚ್ಚಿ ಕೊಡದೆ ಕಳಿಸಕೂಡದೆಂದು ಅಪ್ಪಣೆ ಮಾಡಿದರು. ಕರಿಸಿದ್ಧ ತನ್ನ ಗುರುವಿನ ಮಣ್ಣು ಮುಗಿಸಿ ಬಂದು, ಮಠದಲ್ಲೇ ಉಳಿದು, ಗ್ರಂಥಗಳ ಪ್ರತಿ ಮಾಡುವ ಕೆಲಸ ಹಿಡಿದ ಎನ್ನುತ್ತಾರೆ.

ಆ ತುಂಡು ಈಗಲೂ ಭಂಡಾರದಲ್ಲಿದೆ, ಹೂವಿಲ್ಲ, ಗಂಧವಿಲ್ಲ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಈಚೆಗೆ ಬಂದ ಹುಡುಗಿಯೊಬ್ಬಳು ಇದರಲ್ಲಿ ಎಂಥ ಹಾಡುಗಳಿದ್ದವು ಎಂದು ಕೇಳಿದಳು. ಚನ್ನಮಲ್ಲಯ್ಯನವರು ಗೊತ್ತಿಲ್ಲವೆಂದು ಹೇಳಿ, ಅವಳ ತೊಡೆಯ ಮೇಲೆ ಬೇರೊಂದು ಕಟ್ಟು ಇಟ್ಟರು. ಅಲ್ಲಿರುವ ಪ್ರತಿಯೊಂದು ಕಟ್ಟಿಗೂ ಬಿಚ್ಚಿ ಕಟ್ಟಲು ದಾರವಿದೆ. ಆ ತುಂಡೊಂದಕ್ಕೆ ದಾರ ಬೇಕಾಗಿಲ್ಲ.